ಮಗುವನ್ನು ಎಷ್ಟು ಬಿಡಬೇಕು, ಎಲ್ಲಿ ಹಿಡಿಯಬೇಕು?

ಪುಟ್ಟ ಮಕ್ಕಳಿರುವ ಅಪ್ಪ ಅಮ್ಮಂದಿರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಒಂದೇ. ಕೇಳುವ ರೀತಿ ಬೇರೆ ಬೇರೆ ಇರುತ್ತದೆ, ಅಷ್ಟೇ. "ಎಲ್ಲದಕ್ಕೂ ಕೈ ಹಾಕುತ್ತಾಳೆ, ಏನು ಮಾಡಲಿ?" ಅಂತ ಒಬ್ಬರು. "ಅವನ ಪಾಡಿಗೆ ಬಿಡಿ ಅಂತ ಎಲ್ಲರೂ ಹೇಳುತ್ತಾರೆ, ಬಿಟ್ಟರೆ ಮನೆ ಉಳಿಯುತ್ತಾ?" ಅಂತ ಇನ್ನೊಬ್ಬರು. "ಬಿದ್ದು ಪೆಟ್ಟಾದರೆ ಅತ್ತೆಗೆ ಯಾರು ಉತ್ತರ ಕೊಡೋದು?" ಅಂತ ಮತ್ತೊಬ್ಬರು. ಹೆಚ್ಚಿನವರ ಮನಸ್ಸಿನಲ್ಲಿರುವುದು ಈ ಮೂರನೆಯದೇ ಅಂತ ನನ್ನ ಗುಮಾನಿ.

ಹಾಗಾಗಿ ಒಂದು ಸಲ ಪೂರ್ತಿ ಬರೆದುಬಿಡುತ್ತೇನೆ. ಇದು ಅಂಬೆಗಾಲಿಡುವ ಮಗುವಿನಿಂದ ಹಿಡಿದು ಒಂದನೇ ತರಗತಿಗೆ ಸೇರುವ ಆರು ವರ್ಷದವರವರೆಗೆ.

ಮೊದಲು ಒಂದು ಮಾತು ಸ್ಪಷ್ಟ ಮಾಡಿಕೊಳ್ಳೋಣ. ಇಲ್ಲಿ ಸ್ವಾತಂತ್ರ್ಯ ಅಂದರೆ ಯಾವುದರ ಜೊತೆ ಆಡಬೇಕು, ಎಷ್ಟು ಹೊತ್ತು, ಯಾವ ರೀತಿ ಅನ್ನುವುದನ್ನು ಮಗುವೇ ನಿರ್ಧರಿಸುವುದು. ಮಲಗುವ ಹೊತ್ತು, ಔಷಧಿ, ರಸ್ತೆ ದಾಟುವಾಗ ಕೈ ಹಿಡಿಯುವುದು, ಲಸಿಕೆ, ಕಾರಿನ ಸೀಟ್ ಬೆಲ್ಟ್ ಇವೆಲ್ಲ ಮಗುವಿನ ನಿರ್ಧಾರಗಳಲ್ಲ. ಮೂರು ವರ್ಷದವಳನ್ನು "ಇವತ್ತು ಸ್ನಾನ ಮಾಡ್ತೀಯಾ?" ಅಂತ ಕೇಳಿ, ಅವಳು "ಇಲ್ಲ" ಅಂದ ಮೇಲೆ ಎಳೆದುಕೊಂಡು ಹೋಗುವುದು ಎರಡೂ ಕಡೆಯಿಂದ ನಷ್ಟ. ಕೇಳಬಾರದ ಪ್ರಶ್ನೆಯನ್ನು ಕೇಳಬೇಡಿ.

ಬೇಕಾಗುವ ಸಾಮಾನು ಕಡಿಮೆ. ಒಂದು ನೋಟ್‌ಬುಕ್, ಒಂದೆರಡು ಗಟ್ಟಿ ಚಿಲಕ, ನಾಲ್ಕೈದು ಬುಟ್ಟಿ ಅಥವಾ ತಟ್ಟೆ, ಮಗುವಿನ ಸೊಂಟದ ಎತ್ತರದ ಒಂದು ಶೆಲ್ಫ್, ಹಳೆಯ ಚಾಪೆ. ದುಡ್ಡು ಖರ್ಚು ಮಾಡಲೇಬೇಕು ಅನ್ನಿಸಿದರೆ ಬಾಲ್ಕನಿಗೆ ಬಲೆ ಹಾಕಿಸಿ. ಆಟಿಕೆ ಆಮೇಲೆ.

ಹಂತ 1: ಒಂದು ದಿನ 'ಬೇಡ'ಗಳನ್ನು ಬರೆದಿಡಿ

ಒಂದು ರಜಾ ದಿನ ಆರಿಸಿಕೊಳ್ಳಿ. "ಬೇಡ", "ಮುಟ್ಬೇಡ", "ಇಳಿ", "ಬೀಳ್ತೀಯಾ", "ಕೊಡು ಇಲ್ಲಿ" ಅಂದಾಗಲೆಲ್ಲ ಎಲ್ಲಿ, ಯಾವ ವಸ್ತುವಿಗೆ ಅಂದಿರಿ ಅಂತ ಗೀಚಿಕೊಳ್ಳಿ. ಮನೆಯವರೆಲ್ಲರ ಮಾತೂ ಸೇರಲಿ. ಸಂಜೆ ಆ ಪಟ್ಟಿಯನ್ನು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ: ಹೆಚ್ಚಿನ 'ಬೇಡ'ಗಳು ಅವೇ ನಾಲ್ಕೈದು ಜಾಗದಲ್ಲಿ ಹುಟ್ಟಿರುತ್ತವೆ. ಟಿವಿ ಸ್ಟ್ಯಾಂಡ್, ಅಡುಗೆಮನೆಯ ಕೆಳಗಿನ ಕಪಾಟು, ದೇವರ ಮುಂದಿನ ದೀಪ, ಚಾರ್ಜರ್ ವೈರು, ಚಪ್ಪಲಿ ಗೂಡು.

ಅಂದರೆ ಗಲಾಟೆ ಮಗುವಿನ ಸ್ವಭಾವದ್ದಲ್ಲ, ಮನೆಯ ಜೋಡಣೆಯದ್ದು. ಈ ಲೇಖನದ ಪೂರ್ತಿ ವಾದ ಇಷ್ಟೇ. ಜೋಡಣೆ ಬದಲಾದರೆ ಮಗುವನ್ನು ಬಿಡುವುದಕ್ಕೆ ದೊಡ್ಡ ಧೈರ್ಯವೇನೂ ಬೇಕಾಗುವುದಿಲ್ಲ.

ಹಂತ 2: ಜೀವಕ್ಕೆ ಅಪಾಯವಾದದ್ದನ್ನು ಮೊದಲು ತೆಗೆಯಿರಿ

ಈ ಹಂತವನ್ನು ಹಾರಿಸಿ ಮುಂದಕ್ಕೆ ಹೋಗಬೇಡಿ. ಉಳಿದ ಎಲ್ಲ ಹಂತಗಳೂ ಇದರ ಮೇಲೆ ನಿಂತಿವೆ.

ಎರಡು ಪದಗಳ ಪರಿಚಯ ಇರಲಿ. ಮಕ್ಕಳ ಆಟದ ಬಗ್ಗೆ ಕೆಲಸ ಮಾಡುವವರು 'ರಿಸ್ಕ್' ಮತ್ತು 'ಹಜಾರ್ಡ್' ಅಂತ ಬೇರೆ ಮಾಡುತ್ತಾರೆ. ಮಗುವಿಗೆ ಕಾಣುವ, ಅದು ತಾನೇ ಅಳೆದು ನೋಡಬಹುದಾದ ಕಷ್ಟ ರಿಸ್ಕ್. ಮೂರು ಮೆಟ್ಟಿಲು ಹತ್ತುವುದು ಇಂಥದ್ದು. ಮಗುವಿಗೆ ಕಾಣದ, ಅರ್ಥವಾಗದ ಅಪಾಯ ಹಜಾರ್ಡ್. ಆ ಮೆಟ್ಟಿಲಿನ ಸಡಿಲ ಕಂಬಿ ಇಂಥದ್ದು. ಮೊದಲನೆಯದನ್ನು ಉಳಿಸಬೇಕು, ಎರಡನೆಯದನ್ನು ತೆಗೆಯಬೇಕು. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಇದು ತಿರುಗುಮುರುಗು. ಮಗು ಸೋಫಾ ಹತ್ತಿದರೆ ಕೂಗುತ್ತೇವೆ, ಸಂಪಿನ ಮುಚ್ಚಳಕ್ಕೆ ಬೀಗ ಹಾಕಿರುವುದಿಲ್ಲ.

ಮಂಡಿಯೂರಿ ಮನೆಯೆಲ್ಲ ಒಂದು ಸುತ್ತು ಬನ್ನಿ. ಮಗುವಿನ ಎತ್ತರದಿಂದ ನೋಡಿದರೆ ಬೇರೆಯೇ ಮನೆ ಕಾಣುತ್ತದೆ.

*ನೀರು.* ಸಂಪ್, ಬಾವಿ, ತೊಟ್ಟಿಗೆ ಮಗು ಎತ್ತಲಾಗದ ಮುಚ್ಚಳ ಇರಬೇಕು, ಅದಕ್ಕೆ ಬೀಗವೂ ಇರಬೇಕು. ನೀರಿನ ಟ್ಯಾಂಕರ್ ಬಂದು ಹೋದ ಮೇಲೆ ಮುಚ್ಚಳ ತೆರೆದೇ ಉಳಿಯುವುದು ಬೆಂಗಳೂರಿನಲ್ಲಿ ದಿನದ ಮಾತು. ಬಚ್ಚಲಿನ ಬಕೆಟ್ ಕೂಡ ಚಿಕ್ಕ ಮಗುವಿಗೆ ಬಾವಿಯೇ. ತಲೆ ಭಾರ ಜಾಸ್ತಿ ಇರುವುದರಿಂದ ಮುಂದಕ್ಕೆ ಬಗ್ಗಿದ ಮಗುವಿಗೆ ತಲೆ ಎತ್ತಲಾಗುವುದಿಲ್ಲ. ಎರಡು ಇಂಚು ನೀರು ಸಾಕು, ಸದ್ದೂ ಆಗುವುದಿಲ್ಲ. ಬಕೆಟ್ ಖಾಲಿ ಮಾಡಿ ಬೋರಲು ಹಾಕಿ, ಬಚ್ಚಲಿಗೆ ಹೊರಗಿನಿಂದ ಮೇಲಿನ ಚಿಲಕ ಹಾಕಿ.

*ಎತ್ತರ.* ಬಾಲ್ಕನಿ, ತಾರಸಿ, ಕಿಟಕಿ. ಕಂಬಿಗಳ ನಡುವೆ 10 ಸೆಂಟಿಮೀಟರ್‌ಗಿಂತ ಜಾಸ್ತಿ ಸಂದಿ ಇದ್ದರೆ ಬಲೆ ಬೇಕೇ ಬೇಕು. ಕಂಬಿಯ ಪಕ್ಕದ ಕುರ್ಚಿ, ಹೂಕುಂಡ, ಹಳೆ ಪೇಪರ್ ಕಟ್ಟು ಎಲ್ಲವೂ ಮಗುವಿಗೆ ಏಣಿ.

*ಬಾಯಿ.* ಮೂರು ವರ್ಷದೊಳಗಿನ ಮಕ್ಕಳ ಆಟಿಕೆ ಪರೀಕ್ಷಿಸಲು ಸುಮಾರು 3.2 ಸೆಂಟಿಮೀಟರ್ ಅಗಲದ ಕೊಳವೆ ಬಳಸುತ್ತಾರೆ. ಅದರೊಳಗೆ ಹಿಡಿಸಿದರೆ ಆ ವಸ್ತು ಗಂಟಲಿಗೂ ಹೋಗಬಹುದು ಅಂತ ಲೆಕ್ಕ. ನಾಣ್ಯ, ಗೋಲಿ, ಅಡಿಕೆ, ಹುಣಸೆಬೀಜ ಎಲ್ಲ ಈ ಲೆಕ್ಕಕ್ಕೆ ಬರುತ್ತವೆ. ನಾಲ್ಕು ವರ್ಷದವರೆಗೆ ಇಡೀ ಕಡಲೆಕಾಯಿ ಬೀಜ, ಇಡೀ ದ್ರಾಕ್ಷಿ ಕೊಡಬೇಡಿ. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಿ. ರಿಮೋಟ್, ಕೈಗಡಿಯಾರ, ಮಿಣುಗುವ ಆಟಿಕೆಗಳಲ್ಲಿನ ಗುಂಡಿಯಂತಹ ಚಪ್ಪಟೆ ಬ್ಯಾಟರಿ ಇವೆಲ್ಲಕ್ಕಿಂತ ಕೆಟ್ಟದ್ದು. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಸುಡಲು ಶುರುವಾಗುತ್ತದೆ. ನುಂಗಿದ ಅನುಮಾನ ಬಂದರೂ ಸಾಕು, "ನಾಳೆ ಹೊರಗೆ ಬರುತ್ತೆ" ಅಂತ ಕಾಯದೆ ತಕ್ಷಣ ಆಸ್ಪತ್ರೆಗೆ ಹೊರಡಿ.

*ವಿಷ.* ಸೀಮೆಎಣ್ಣೆ, ಫಿನಾಯಿಲ್, ಆಸಿಡ್ ಯಾವುದನ್ನೂ ಜ್ಯೂಸಿನ ಬಾಟಲಿಯಲ್ಲಿ ಇಡಬೇಡಿ. ಮಗು ಸೀಮೆಎಣ್ಣೆ ಕುಡಿದರೆ ವಾಂತಿ ಮಾಡಿಸಲೂ ಹೋಗಬೇಡಿ, ಅದು ಶ್ವಾಸಕೋಶಕ್ಕೆ ಇಳಿದರೆ ತೊಂದರೆ ದುಪ್ಪಟ್ಟು. 108ಕ್ಕೆ ಫೋನ್ ಮಾಡಿ, ಬಾಟಲಿ ಜೊತೆಯಲ್ಲಿ ಒಯ್ಯಿರಿ. ಅಜ್ಜ ಅಜ್ಜಿಯ ಬಿಪಿ, ಶುಗರ್ ಮಾತ್ರೆ ದಿಂಬಿನ ಪಕ್ಕ ಇರುತ್ತವೆ, ಅವನ್ನು ಎತ್ತರಕ್ಕೆ ಸಾಗಿಸಿ. ಎಲೆ ಅಡಿಕೆ ಹಾಕುವವರಿದ್ದರೆ ಸುಣ್ಣದ ಡಬ್ಬಿ, ಪೊಟ್ಟಣದ ಮೇಲೆ ಕಣ್ಣಿರಲಿ. ಮಗು ಪೊಟ್ಟಣ ಒತ್ತಿದಾಗ ಸುಣ್ಣ ಕಣ್ಣಿಗೆ ಚಿಮ್ಮಿ ದೃಷ್ಟಿ ಹೋಗುವಷ್ಟು ಸುಡುತ್ತದೆ. ಹಾಗಾದರೆ ಆ ಕ್ಷಣವೇ ಧಾರಾಳ ನೀರಿನಲ್ಲಿ ತೊಳೆಯುತ್ತಲೇ ಇರಬೇಕು, ಆಮೇಲೆ ಕಣ್ಣಿನ ಡಾಕ್ಟರ್.

*ಗಿಡ.* ಕಣಗಿಲೆ, ದತ್ತೂರಿ, ಔಡಲದ ಬೀಜ, ಗುಲಗಂಜಿ. ನಾಲ್ಕೂ ವಿಷ. ಪೂಜೆಗೆ ಬೇಕು ಅಂತ ಕಣಗಿಲೆ ಬೆಳೆಸಿದವರು ಅದನ್ನು ಬೇಲಿಯ ಆಚೆಗೆ ಸಾಗಿಸಿ. ಗುಲಗಂಜಿ ಕೆಂಪು ಕಪ್ಪಾಗಿ ಮುದ್ದಾಗಿದೆ ಅಂತ ಎಣಿಸುವ ಆಟಕ್ಕೆ ಕೊಡುವವರಿದ್ದಾರೆ, ದಯವಿಟ್ಟು ಬೇಡ.

*ಬಿಸಿ.* ನೀರು ಕಾಯಿಸುವ ಕಾಯಿಲ್ ಹಾಕಿದ ಬಕೆಟ್, ನೆಲದ ಮೇಲಿಟ್ಟ ಸಾರಿನ ಪಾತ್ರೆ, ಇಸ್ತ್ರಿ ಪೆಟ್ಟಿಗೆಯ ನೇತಾಡುವ ವೈರು. ಸುಟ್ಟರೆ ಹರಿಯುವ ತಣ್ಣನೆ ನೀರಿನಲ್ಲಿ 20 ನಿಮಿಷ ಹಿಡಿಯಬೇಕು. ಟೂತ್‌ಪೇಸ್ಟ್, ಇಂಕು, ಬೆಣ್ಣೆ ಯಾವುದೂ ಬೇಡ.

ಇಷ್ಟು ಓದಿ ಹೆದರಬೇಡಿ. ಇದು ಒಂದು ಭಾನುವಾರದ ಕೆಲಸ. ಮುಗಿದ ಮೇಲೆ ಹಂತ 1ರ ಪಟ್ಟಿಯನ್ನು ಮತ್ತೆ ನೋಡಿ, ಎಷ್ಟೋ 'ಬೇಡ'ಗಳಿಗೆ ಈಗ ಕೆಲಸವೇ ಇರುವುದಿಲ್ಲ.

ಹಂತ 3: 'ಎಲ್ಲವೂ ಸರಿ' ಅನ್ನುವ ಒಂದು ಜಾಗ ಮಾಡಿ

ಮಗು ಅಲ್ಲಿ ಏನು ಮುಟ್ಟಿದರೂ ನಡೆಯುತ್ತದೆ ಅನ್ನುವಂಥ ಒಂದು ಜಾಗ ಬೇಕು. ಬಾಡಿಗೆ ಮನೆಯ ಹಾಲ್‌ನ ಒಂದು ಮೂಲೆಯೂ ಆಗುತ್ತದೆ. ನನ್ನ ಸಲಹೆ, ಅಡುಗೆಮನೆಯ ಕೆಳಗಿನ ಒಂದು ಕಪಾಟನ್ನೂ ಇದಕ್ಕೆ ಸೇರಿಸಿ. ಮಕ್ಕಳು ನೀವಿರುವ ಕಡೆಗೇ ಬರುತ್ತಾರೆ. ಬೇರೆ ಕೋಣೆಯಲ್ಲಿ ಎಷ್ಟು ಚೆಂದದ ಮೂಲೆ ಮಾಡಿದರೂ ನೀವು ಒಗ್ಗರಣೆ ಹಾಕುವಾಗ ಅವರು ನಿಮ್ಮ ಕಾಲಿನ ಹತ್ತಿರ ಇರುತ್ತಾರೆ.

ಏನಿಡಬೇಕು? 'ಲೂಸ್ ಪಾರ್ಟ್ಸ್' ಎಂಬ ಮಾತು ಕೇಳಿರಬಹುದು. ಸೈಮನ್ ನಿಕೋಲ್ಸನ್ ಎಂಬ ಬ್ರಿಟಿಷ್ ಕಲಾವಿದ 1971ರಲ್ಲಿ ಮುಂದಿಟ್ಟ ವಿಚಾರ ಇದು. ಹೀಗೇ ಆಡಬೇಕು ಅಂತ ಗೊತ್ತುಮಾಡಿರದ, ಸಾಗಿಸಬಹುದಾದ, ಜೋಡಿಸಿ ಬಿಚ್ಚಬಹುದಾದ ಬಿಡಿ ಸಾಮಾನು. ಗುಂಡಿ ಒತ್ತಿದರೆ ಹಾಡುವ ಆಟಿಕೆಯಲ್ಲಿ ಕೆಲಸ ಮಾಡುವುದು ಆಟಿಕೆ. ಖಾಲಿ ಡಬ್ಬದಲ್ಲಿ ಕೆಲಸ ಮಾಡುವುದು ಮಗು. ನಮ್ಮ ಮನೆಗಳಲ್ಲಿ ಇಂಥವಕ್ಕೆ ಬರವಿಲ್ಲ: ಸ್ಟೀಲ್ ಲೋಟಗಳು, ಒಂದರೊಳಗೊಂದು ಕೂರುವ ಡಬ್ಬ, ಜರಡಿ, ಸೌಟು, ನಯವಾಗಿ ಉಜ್ಜಿದ ತೆಂಗಿನ ಕರಟ, ಬಟ್ಟೆ ಕ್ಲಿಪ್ಪು, ಹಳೆ ಸೀರೆ ತುಂಡು, ರಟ್ಟಿನ ಪೆಟ್ಟಿಗೆ. ಮಲೆನಾಡು, ಕರಾವಳಿಯವರಿಗೆ ಅಡಿಕೆ ಹಾಳೆಯ ಬಗ್ಗೆ ನಾನು ಹೇಳಬೇಕಾಗಿಲ್ಲ. ಒಬ್ಬರನ್ನು ಕೂರಿಸಿ ಇನ್ನೊಬ್ಬರು ಎಳೆಯುವ ಆ ಗಾಡಿಗೆ ಸಾಟಿ ಯಾವ ಅಂಗಡಿಯಲ್ಲೂ ಇಲ್ಲ.

ಅಂಗಡಿಯದ್ದೇ ಕೊಳ್ಳುವುದಾದರೆ ಐಎಸ್‌ಐ ಗುರುತು ನೋಡಿ. 2021ರ ಜನವರಿ 1ರಿಂದ ಭಾರತದಲ್ಲಿ ಮಾರುವ ಆಟಿಕೆಗಳಿಗೆ ಅದು ಕಡ್ಡಾಯ.

ಎಡವುವುದು ಎಲ್ಲಿ ಅಂದರೆ, ಎಲ್ಲವನ್ನೂ ಒಟ್ಟಿಗೆ ಹೊರಗಿಡುವುದರಲ್ಲಿ. ದೊಡ್ಡ ಬುಟ್ಟಿಯಲ್ಲಿ ಐವತ್ತು ಸಾಮಾನು ತುಂಬಿದರೆ ಮಗು ಬುಟ್ಟಿ ಸುರಿಯುತ್ತದೆ, ಆಮೇಲೆ ನಿಮ್ಮ ಹಿಂದೆ ಬರುತ್ತದೆ. ಆರರಿಂದ ಎಂಟು ಸಾಮಾನು ಶೆಲ್ಫಿನ ಮೇಲೆ ಕಾಣುವ ಹಾಗಿಡಿ, ಉಳಿದದ್ದು ಅಟ್ಟಕ್ಕೆ. ಮುಟ್ಟದೇ ಬಿಟ್ಟದ್ದನ್ನು ವಾರಕ್ಕೊಮ್ಮೆ ಬದಲಾಯಿಸಿ. ಮಗುವಿಗೆ ಇಷ್ಟವಾದದ್ದನ್ನು ಮಾತ್ರ ತೆಗೆಯಬೇಡಿ, ನಿಮಗೆ ನೋಡಿ ನೋಡಿ ಬೇಜಾರಾಗಿದ್ದರೂ.

ಹಂತ 4: ಯಾರೂ ಕರೆಯದ ಒಂದು ಗಂಟೆ

ಮಗು ಆಟಕ್ಕೆ ಇಳಿಯುವುದಕ್ಕೇ ಹೊತ್ತು ಬೇಕು. ಮೊದಲ ಹತ್ತು ಹದಿನೈದು ನಿಮಿಷ ಸುಮ್ನೆ ಅಲೆಯುತ್ತದೆ. ಅಷ್ಟರಲ್ಲಿ ನಾವು "ಬಾ, ಹಾಲು ಕುಡಿ", "ಬಾ, ಮಾವನಿಗೆ ಹಾಯ್ ಹೇಳು" ಅಂತ ಕರೆದರೆ ಆಟ ಶುರುವಾಗುವುದೇ ಇಲ್ಲ. ದಿನಕ್ಕೆ 45 ನಿಮಿಷದಿಂದ ಒಂದು ಗಂಟೆ, ಸಾಧ್ಯವಾದರೆ ಎರಡು ಸಲ, ಊಟ ನಿದ್ದೆ ಆಗಿರುವ ಹೊತ್ತಿನಲ್ಲಿ ಬಿಟ್ಟುಬಿಡಿ. ಹಿನ್ನೆಲೆಯಲ್ಲಿ ಟಿವಿ ಬೇಡ.

ಮೊಬೈಲಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇದು: ಎರಡು ವರ್ಷ ತುಂಬುವ ತನಕ ಪರದೆ ಬೇಡ. ಎರಡರಿಂದ ನಾಲ್ಕರ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ. ಒಂದರಿಂದ ನಾಲ್ಕು ವರ್ಷದವರು ದಿನಕ್ಕೆ ಒಟ್ಟು 180 ನಿಮಿಷವಾದರೂ ಓಡಾಡಿಕೊಂಡಿರಬೇಕು. ಮೂರು ಗಂಟೆ! ಫ್ಲಾಟಿನಲ್ಲಿರುವ ಮಗುವಿಗೆ ಅಷ್ಟು ಸಿಗಬೇಕಾದರೆ ಆ 'ಎಲ್ಲವೂ ಸರಿ' ಜಾಗದಲ್ಲಿ ಹತ್ತಿ ಇಳಿಯುವುದಕ್ಕೂ ಏನಾದರೂ ಇರಬೇಕು. ಎರಡು ಹಳೆ ಹಾಸಿಗೆ, ಒಂದು ಗಟ್ಟಿ ಮಣೆ ಸಾಕು.

ಹಂತ 5: ಕೈ ಹಿಂದೆ ಕಟ್ಟಿ, ಕಣ್ಣು ತೆರೆದಿಡಿ

ಎಲ್ಲಕ್ಕಿಂತ ಕಷ್ಟದ್ದು ಇದೇ. ಇಲ್ಲಿ ಬದಲಾಗಬೇಕಾದವರು ನಾವು.

ಹಂಗೇರಿಯ ಮಕ್ಕಳ ವೈದ್ಯೆ ಎಮ್ಮಿ ಪಿಕ್ಲರ್ 1946ರಲ್ಲಿ ಬುಡಾಪೆಸ್ಟ್‌ನಲ್ಲಿ ಅನಾಥ ಶಿಶುಗಳ ಮನೆಯೊಂದನ್ನು ಶುರು ಮಾಡಿದರು. ಅಲ್ಲಿ ಒಂದು ಪದ್ಧತಿ ಇತ್ತು: ಮಗು ತಾನಾಗಿ ತಲುಪಲಾಗದ ಭಂಗಿಗೆ ಅದನ್ನು ತಂದು ಕೂರಿಸುವುದಿಲ್ಲ, ನಿಲ್ಲಿಸುವುದಿಲ್ಲ. ಮನೆಗೆ ಇದನ್ನು ಹೀಗೆ ಬಳಸಿ: ಮಗು ತಾನೇ ಹತ್ತಲಾಗದ ಜಾಗಕ್ಕೆ ಎತ್ತಿ ಕೂರಿಸಬೇಡಿ. ತಾನೇ ಹತ್ತಿದ ಮಗುವಿಗೆ ಇಳಿಯುವ ದಾರಿಯೂ ಬಹುಪಾಲು ಗೊತ್ತಿರುತ್ತದೆ. ನೀವು ಪಾರ್ಕಿನ ಕಂಬಿಯ ತುದಿಯಲ್ಲಿ ಕೂರಿಸಿದ ಮಗುವಿಗೆ ಅಲ್ಲಿಗೆ ಹೇಗೆ ಬಂದೆ ಅಂತಲೇ ಗೊತ್ತಿರುವುದಿಲ್ಲ.

ಹತ್ತುವ ಮಗುವಿನ ಹತ್ತಿರ, ಕೈಗೆ ಎಟುಕುವಷ್ಟು ದೂರದಲ್ಲಿ ನಿಲ್ಲಿ. "ಹುಷಾರು, ಹುಷಾರು, ಬೀಳ್ತೀಯಾ" ಅನ್ನಬೇಡಿ. ಅದರಲ್ಲಿ ಮಗುವಿಗೆ ಉಪಯೋಗವಾಗುವ ಸುದ್ದಿ ಏನೂ ಇಲ್ಲ, ನಿಮ್ಮ ಭಯ ಮಾತ್ರ ಇದೆ. ಬದಲಿಗೆ ಕಣ್ಣಿಗೆ ಕಾಣುವುದನ್ನು ಹೇಳಿ:

"ಆ ಮೆಟ್ಟಿಲು ಒದ್ದೆ ಇದೆ, ನೋಡು."
"ಎಡಗಾಲು ಎಲ್ಲಿಡ್ತೀಯಾ ಪುಟ್ಟ?"
"ಎರಡೂ ಕೈಯಲ್ಲಿ ಹಿಡ್ಕೋ."
"ಇಳಿಯುವಾಗ ಹಿಂದಕ್ಕೆ ತಿರುಗಿ ಇಳಿ."

ಆಟದಲ್ಲಿ ಮುಳುಗಿದಾಗ ಇನ್ನೂ ಕಡಿಮೆ ಮಾತು. "ಇದು ಯಾವ ಕಲರ್? ಎಷ್ಟಿದೆ ಎಣಿಸು" ಅಂತ ಪರೀಕ್ಷೆ ಶುರು ಮಾಡಿದರೆ ಆಟ ಅಲ್ಲಿಗೇ ಮುಗಿಯಿತು. "ವಾವ್, ಸೂಪರ್!" ಕೂಡ ಅಷ್ಟೇ. ಮಗು ಆಟ ಬಿಟ್ಟು ನಿಮ್ಮ ಮುಖ ನೋಡಲು ಶುರು ಮಾಡುತ್ತದೆ. ಮಗುವೇ ತಿರುಗಿ ತೋರಿಸಿದರೆ ಕಂಡದ್ದನ್ನು ಹೇಳಿ: "ಚಿಕ್ಕ ಡಬ್ಬ ಕೆಳಗೆ ಇಟ್ಟಿದ್ದೀಯಾ, ದೊಡ್ಡದು ಮೇಲೆ."

ಕಷ್ಟಪಡುತ್ತಿರುವಾಗ? ನೂರರವರೆಗೆ ಮನಸ್ಸಿನಲ್ಲೇ ಎಣಿಸಿ. ಇನ್ನೂ ಆಗದಿದ್ದರೆ ಒಂದೇ ಒಂದು ಭಾಗಕ್ಕೆ ಕೈ ಹಾಕಿ. ಡಬ್ಬದ ಮುಚ್ಚಳ ಸ್ವಲ್ಪ ಸಡಿಲ ಮಾಡಿ ಕೊಡಿ, ತೆಗೆದೇ ಕೊಡಬೇಡಿ. ಇದಕ್ಕೆ 'ಸ್ಕ್ಯಾಫೋಲ್ಡಿಂಗ್' ಅನ್ನುತ್ತಾರೆ. ಕಟ್ಟಡಕ್ಕೆ ಸಾರುವೆ ಕಟ್ಟುತ್ತಾರಲ್ಲ, ಹಾಗೆ ಬೇಕಾದಷ್ಟು ದಿನ ಮಾತ್ರ ಆಸರೆ.

ಇನ್ನೊಂದು ಪದ ನಿಮ್ಮ ತಾಳ್ಮೆ ಉಳಿಸಬಹುದು: 'ಸ್ಕೀಮಾ'. ಮಗು ಒಂದೇ ಬಗೆಯ ಕೆಲಸವನ್ನು ಬೇರೆ ಬೇರೆ ವಸ್ತುಗಳ ಮೇಲೆ ಪದೇ ಪದೇ ಮಾಡಿ ನೋಡುವುದು. ಒಂದು ಮಗು ಸಿಕ್ಕಿದ್ದನ್ನೆಲ್ಲ ಎಸೆಯುತ್ತದೆ, ಒಂದು ಎಲ್ಲವನ್ನೂ ಚೀಲದಲ್ಲಿ ತುಂಬಿ ಸಾಗಿಸುತ್ತದೆ, ಒಂದು ಎಲ್ಲದರ ಮೇಲೂ ಬಟ್ಟೆ ಮುಚ್ಚುತ್ತದೆ. ಹಟ ಅಲ್ಲ, ಪ್ರಯೋಗ. ಎಸೆಯುವ ಮಗುವಿಗೆ "ಎಸೀಬೇಡ" ಅನ್ನುವುದಕ್ಕಿಂತ ತಟ್ಟೆ ತೆಗೆದು ಬಟ್ಟೆಯ ಚೆಂಡು ಕೊಟ್ಟು, ಬುಟ್ಟಿ ತೋರಿಸುವುದು ಸುಲಭ.

ಹಂತ 6: ನಿಜವಾದ ಕೆಲಸ ಕೊಡಿ

ಪ್ಲಾಸ್ಟಿಕ್ ಅಡುಗೆ ಸೆಟ್ಟಿಗಿಂತ ಮಕ್ಕಳಿಗೆ ಬೇಕಾದದ್ದು ನಿಮ್ಮ ಅಡುಗೆಮನೆ. ಒಂದೂವರೆ ವರ್ಷಕ್ಕೆ ಸ್ಟೀಲ್ ತಟ್ಟೆ ತಂದಿಡುತ್ತಾರೆ, ಒಗೆಯುವ ಬಟ್ಟೆ ಬುಟ್ಟಿಗೆ ಹಾಕುತ್ತಾರೆ. ಎರಡಕ್ಕೆ, ತುದಿ ಮುರಿದು ಕೊಟ್ಟರೆ ಬಾಳೆಹಣ್ಣು ಸುಲಿಯುತ್ತಾರೆ, ಕೊತ್ತಂಬರಿ ಸೊಪ್ಪು ಬಿಡಿಸುತ್ತಾರೆ. ಮೂರಕ್ಕೆ ಚಪಾತಿ ಹಿಟ್ಟಿನ ಉಂಡೆ ಲಟ್ಟಿಸಬಹುದು, ಆಕಾರ ಕೇಳಬೇಡಿ. ಬೆಣ್ಣೆ ಸವರುವ ಮೊಂಡು ಚಾಕು ಸಿಕ್ಕರೆ ನಾಲ್ಕು ವರ್ಷದವರು ಬೇಯಿಸಿದ ಆಲೂಗಡ್ಡೆ ಹೆಚ್ಚುತ್ತಾರೆ. ಐದು ದಾಟಿದವರಿಗೆ ಸಂಕ್ರಾಂತಿ ಆಸುಪಾಸಿನಲ್ಲಿ ನೆನೆಸಿದ ಅವರೆಕಾಳನ್ನು ಹಿದುಕಲು ಕೂರಿಸಿ. ಕಾಳು ಪುಳಕ್ಕನೆ ಹಾರಿ ಎದುರಿಗಿದ್ದವರ ಮುಖಕ್ಕೆ ತಗಲುವುದೇ ಅವರಿಗೆ ಅರ್ಧ ಸಂಭ್ರಮ.

ನೀರು ಸುರಿಯುವ ಆಟಕ್ಕೆ ಎರಡು ಪುಟ್ಟ ಚೊಂಬು, ಒಂದು ದೊಡ್ಡ ತಟ್ಟೆ, ಒರೆಸಲು ಬಟ್ಟೆ. ಚೆಲ್ಲಿದರೆ ಒರೆಸುವುದೂ ಆಟದ ಭಾಗ, ಶಿಕ್ಷೆಯಲ್ಲ. ಬಟ್ಟೆ ಅವರ ಕೈಗೆ ಸಿಗುವ ಜಾಗದಲ್ಲೇ ಇರಲಿ.

ಒಂದು ಎಚ್ಚರಿಕೆ. ಬೆಳಿಗ್ಗೆ ಎಂಟೂವರೆಗೆ, ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಇದನ್ನು ಶುರು ಮಾಡಬೇಡಿ. ಮಗು ಮಾಡಿದ ಕೆಲಸವನ್ನು ಅದರ ಕಣ್ಣೆದುರೇ ಮತ್ತೆ ಸರಿಪಡಿಸಬೇಡಿ. ಸೊಟ್ಟ ಮಡಿಸಿದ ಟವೆಲ್ ಸೊಟ್ಟಗೇ ಇರಲಿ.

ಹಂತ 7: ಹೊರಗೆ

ಮಕ್ಕಳು ಯಾವ ಬಗೆಯ ಭಯವನ್ನು ಹುಡುಕಿಕೊಂಡು ಹೋಗುತ್ತಾರೆ ಅಂತ ನಾರ್ವೆಯ ಸಂಶೋಧಕಿ ಎಲೆನ್ ಸ್ಯಾಂಡ್‌ಸೆಟರ್ ಆರು ಗುಂಪು ಮಾಡಿದ್ದಾರೆ: ಎತ್ತರ, ವೇಗ, ಹರಿತವಾದ ಸಲಕರಣೆ, ನೀರು ಬೆಂಕಿಯಂಥವು, ಕುಸ್ತಿಯಂಥ ಆಟ, ಕಣ್ಮರೆಯಾಗಿ ಅಲೆಯುವುದು. ಈ ಪಟ್ಟಿ ಓದಿದರೆ ನಮ್ಮ ಮರಕೋತಿ, ಕಣ್ಣಾಮುಚ್ಚಾಲೆ, ಜೋಕಾಲಿ ಎಲ್ಲ ಯಾಕೆ ಅಷ್ಟು ಕಾಲ ಉಳಿದವು ಅಂತ ತಿಳಿಯುತ್ತದೆ. ಆರಕ್ಕೂ ಮಗುವಿನ ವಯಸ್ಸಿಗೆ ತಕ್ಕ ಪುಟ್ಟ ರೂಪ ಹುಡುಕಿ. ಮೂರು ವರ್ಷದವರಿಗೆ 'ಕಣ್ಮರೆ' ಅಂದರೆ ಪಾರ್ಕಿನ ಪೊದೆಯ ಹಿಂದೆ ಹೋಗಿ ಬರುವುದು, ಅಷ್ಟೇ.

ಬೆಂಗಳೂರಿನವರಿಗೆ ಲಾಲ್‌ಬಾಗಿನ ಬಂಡೆ ಇದೆ. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು, ಹತ್ತಲು ಇಳಿಜಾರು, ಮೇಲೆ ಕೆಂಪೇಗೌಡರ ಗೋಪುರ. ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆಯ ದಂಡೆ. ಯಾವುದೂ ಹತ್ತಿರವಿಲ್ಲದಿದ್ದರೆ ಮನೆ ಕಟ್ಟುವವರಿಂದ ಎರಡು ಬುಟ್ಟಿ ಮರಳು ಕೇಳಿ ತನ್ನಿ, ಜಲ್ಲಿ, ಮೊಳೆ ಇಲ್ಲದ ಹಾಗೆ ಜರಡಿ ಹಿಡಿಯಿರಿ. ರಾತ್ರಿ ಮುಚ್ಚಿಡಿ, ಇಲ್ಲದಿದ್ದರೆ ಬೀದಿಯ ಬೆಕ್ಕುಗಳೆಲ್ಲ ಅದನ್ನೇ ಹುಡುಕಿಕೊಂಡು ಬರುತ್ತವೆ.

ಜೊತೆಗೆ ಇಷ್ಟು ನೋಡಿಕೊಳ್ಳಿ. ಮಣ್ಣಿಗೆ ಬಿಡುವ ಮೊದಲು ಲಸಿಕೆ ಕಾರ್ಡ್ ತೆಗೆದು ನೋಡಿ. ಧನುರ್ವಾಯು ಸೇರಿದ ಡಿಪಿಟಿ ಬೂಸ್ಟರ್ 16ರಿಂದ 24 ತಿಂಗಳಲ್ಲಿ ಒಮ್ಮೆ, ಐದರಿಂದ ಆರು ವರ್ಷದಲ್ಲಿ ಇನ್ನೊಮ್ಮೆ ಆಗಿರಬೇಕು. ಜಂತುಹುಳದ ಮಾತ್ರೆಯನ್ನು ಅಂಗನವಾಡಿಯಲ್ಲಿ ಒಂದು ವರ್ಷ ತುಂಬಿದವರಿಗೆಲ್ಲ ಉಚಿತವಾಗಿ ಕೊಡುತ್ತಾರೆ. ಫೆಬ್ರವರಿ 10 ಅದರ ರಾಷ್ಟ್ರೀಯ ದಿನ. ಮಲ ಬೆರೆತಿರಬಹುದಾದ ಮಣ್ಣಿನಲ್ಲಿ ಚಪ್ಪಲಿ ಬೇಕು, ಕೊಕ್ಕೆಹುಳ ಕಾಲಿನ ಚರ್ಮದಿಂದಲೇ ಒಳಗೆ ಹೋಗುತ್ತದೆ. ಆಟ ಮುಗಿದ ಮೇಲೆ ಸೋಪಿನಿಂದ ಕೈ. ನಾಯಿ ಕಚ್ಚಿದರೆ ಅಥವಾ ಪರಚಿದರೆ ಸೋಪು, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ. ತಲೆಗೆ ಪೆಟ್ಟಾದ ಮೇಲೆ ಪ್ರಜ್ಞೆ ತಪ್ಪಿದರೆ, ಮತ್ತೆ ಮತ್ತೆ ವಾಂತಿಯಾದರೆ, ಮಗು ಮಂಕಾದರೆ ಕಾಯಬೇಡಿ. ಮಳೆಯಲ್ಲಿ ನೆನೆಯುವುದು ಪರವಾಗಿಲ್ಲ. ಗುಡುಗು ಕೇಳಿದ ತಕ್ಷಣ ಒಳಗೆ.

ಹಂತ 8: ಮೂರೇ ನಿಯಮ

ಸಣ್ಣವರಿಗೆ ಇಪ್ಪತ್ತು ನಿಯಮ ನೆನಪಿರುವುದಿಲ್ಲ. ಮೂರು ಸಾಕು: ನಿನಗೆ ನೋವು ಮಾಡಿಕೊಳ್ಳಬಾರದು, ಬೇರೆಯವರಿಗೆ ನೋವು ಮಾಡಬಾರದು, ಬೇಕಂತ ಸಾಮಾನು ಹಾಳು ಮಾಡಬಾರದು. ಇವನ್ನು ಮುರಿದಾಗ ಸೋಫಾದಿಂದ ಕೂಗಬೇಡಿ. ಎದ್ದು ಹೋಗಿ, ಹೊಡೆಯಲು ಎತ್ತಿದ ಕೈಯನ್ನು ಮೆಲ್ಲಗೆ ಹಿಡಿಯಿರಿ. "ತಂಗಿಗೆ ಹೊಡೆಯೋಕೆ ಬಿಡಲ್ಲ. ಸಿಟ್ಟು ಬಂದಿದ್ರೆ ಈ ದಿಂಬಿಗೆ ಹೊಡಿ." ಅಷ್ಟೇ ಮಾತು. ಉಪದೇಶ ಶುರುವಾದರೆ ಎರಡನೇ ವಾಕ್ಯದ ಹೊತ್ತಿಗೆ ಮಗು ಕೇಳುವುದನ್ನು ಬಿಟ್ಟಿರುತ್ತದೆ.

ಇಲ್ಲಿ ಎರಡು ತುದಿಗೂ ಹೋಗುವವರಿದ್ದಾರೆ. ಸ್ವಾತಂತ್ರ್ಯ ಕೊಟ್ಟಿದ್ದೇನೆ ಅಂತ ಮಗು ಪಕ್ಕದ ಮಗುವಿನ ಕೂದಲೆಳೆದಾಗಲೂ ನಗುವವರು ಒಬ್ಬರು. ಮಗುವನ್ನು ಬಿಟ್ಟು ಮೊಬೈಲಿನಲ್ಲಿ ಮುಳುಗುವವರು ಇನ್ನೊಬ್ಬರು. ಎರಡನೆಯದಕ್ಕೂ ಹಂತ 5ಕ್ಕೂ ಹೊರಗಿನಿಂದ ನೋಡಿದರೆ ವ್ಯತ್ಯಾಸ ಕಾಣುವುದಿಲ್ಲ, ಇಬ್ಬರೂ ಸುಮ್ಮನಿರುತ್ತಾರೆ. ನೀವು ಯಾರು ಅಂತ ನಿಮಗೇ ಗೊತ್ತಿರುತ್ತದೆ.

ಹಂತ 9: ಮನೆಯ ಹಿರಿಯರನ್ನು ಜೊತೆಗೆ ಸೇರಿಸಿಕೊಳ್ಳಿ

ಕೊನೆಗೆ ಮೊದಲು ಹೇಳಿದ ಆ ಮೂರನೇ ಪ್ರಶ್ನೆಗೆ, ಅತ್ತೆಗೆ ಉತ್ತರ ಕೊಡುವ ಪ್ರಶ್ನೆಗೆ ಬರೋಣ. ಹಿರಿಯರಿಗೆ ಭಯ ಇರುವುದು ಸಹಜ. ಹಗಲೆಲ್ಲ ಮಗುವನ್ನು ನೋಡಿಕೊಳ್ಳುವವರು ಅವರು, ಬಿದ್ದರೆ ಮಾತು ಕೇಳಬೇಕಾದವರೂ ಅವರೇ ಅಂತ ಅವರ ಲೆಕ್ಕ. ಹಾಗಾಗಿ ಲೇಖನ, ವಿಡಿಯೊ ಕಳಿಸಿ ಪಾಠ ಹೇಳಲು ಹೋಗಬೇಡಿ. ಮೊದಲು ಹಂತ 2ನ್ನು ಅವರ ಜೊತೆಯಲ್ಲೇ ಮಾಡಿ. ಆಮೇಲೆ ಹೀಗೆ ಹೇಳಿ ನೋಡಿ: "ಅತ್ತೆ, ಅವನು ಸೋಫಾದಿಂದ ಬಿದ್ದರೆ ನಿಮ್ಮನ್ನ ಯಾರೂ ಏನೂ ಅನ್ನಲ್ಲ. ಬಚ್ಚಲ ಬಾಗಿಲು, ಗೇಟು ಎರಡು ಮಾತ್ರ ಹಾಕಿರಲಿ." ಈ ಒಂದು ಮಾತಿನಿಂದ ಹೊರೆ ಇಳಿಯುವುದನ್ನು ಮುಖದಲ್ಲೇ ನೋಡಬಹುದು. ಗಂಡನ ಮನೆಯವರಿಗೆ ಗಂಡನೇ ಹೇಳಿದರೆ ಇನ್ನೂ ಒಳ್ಳೆಯದು. ಮಗು ನೋಡಿಕೊಳ್ಳಲು ಬರುವ ಅಕ್ಕನಿಗೂ ಇದೇ ಮಾತು ಕೊಡಿ, ಬಟ್ಟೆ ಕೊಳೆಯಾದರೆ ಬೈಯುವುದಿಲ್ಲ ಅಂತಲೂ ಸೇರಿಸಿ.

"ಇದೆಲ್ಲ ಫಾರಿನ್‌ನವರ ಶೋಕಿ" ಅನ್ನುವ ಮಾವನವರಿಗೆ, ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲೇ, ಪುಟ್ಟ ಮಕ್ಕಳು ಸ್ವತಂತ್ರವಾಗಿ ಆಡಿ ಕಲಿಯುವ ಬಾಲಮಂದಿರ ತೆರೆದದ್ದನ್ನು ಹೇಳಿ. ಅವರು ವಕೀಲಿಕೆ ಬಿಟ್ಟು ಬಂದವರು ಅಂದರೆ ಮಾತು ಮುಂದುವರಿಯುತ್ತದೆ. ನಮ್ಮ ಪುತ್ತೂರಿನಲ್ಲೇ ಶಿವರಾಮ ಕಾರಂತರು ಬಾಲವನ ಕಟ್ಟಿ ಮಕ್ಕಳ ಕಲಿಕೆಯ ಪ್ರಯೋಗ ಮಾಡಿದ್ದರು, ಆ ಜಾಗ ಈಗಲೂ ಇದೆ. ಮಾಂಟೆಸರಿ ಶಾಲೆಗಳ ಪದ್ಧತಿ ರೂಪಿಸಿದ ಇಟಲಿಯ ಮಾರಿಯಾ ಮಾಂಟೆಸರಿ ಕೂಡ 1939ರಲ್ಲಿ ಭಾರತಕ್ಕೆ ಬಂದು ಯುದ್ಧದ ವರ್ಷಗಳನ್ನು ಇಲ್ಲೇ ಕಳೆದರು.

ಅಜ್ಜಿಯರಿಗೆ ಬರುವ ಆಟಗಳನ್ನು ಬಿಡಬೇಡಿ. ಚೌಕಾಬಾರ, ಅಳಗುಳಿ ಮಣೆ ಹೊರಗೆ ಬರಲಿ, ಕಾಳು ನುಂಗುವ ವಯಸ್ಸು ದಾಟಿದ ಮೇಲೆ. ಹೂ ಕಟ್ಟುವಾಗ ಪಕ್ಕದಲ್ಲಿ ಕೂತ ನಾಲ್ಕು ವರ್ಷದವಳ ಬೆರಳಿಗೆ ಸಿಗುವ ಅಭ್ಯಾಸ ಯಾವ ವರ್ಕ್‌ಶೀಟಿನಲ್ಲೂ ಸಿಗುವುದಿಲ್ಲ.

ಕೊನೆಯಲ್ಲಿ ಉಳಿದ ಎರಡು ಪ್ರಶ್ನೆ

*"ನಮ್ಮ ಮಗು ಏನನ್ನೂ ಹುಡುಕಿ ಹೋಗುವುದಿಲ್ಲ, ಸುಮ್ನೆ ಕೂರುತ್ತದೆ."* ಕೆಲವರು ನೋಡಿ ನೋಡಿ ಆಮೇಲೆ ಕೈ ಹಾಕುವವರು. ಅವರನ್ನು ತಳ್ಳಬೇಡಿ, ಪಕ್ಕದಲ್ಲಿ ಕೂತು ನೀವೇ ಆಡುತ್ತಿರಿ. ಆದರೆ 18 ತಿಂಗಳಾದರೂ ನಡೆಯದಿದ್ದರೆ, ಕರೆದರೆ ತಿರುಗದಿದ್ದರೆ, ಬರುತ್ತಿದ್ದ ಮಾತು ನಿಂತುಹೋದರೆ ಮಕ್ಕಳ ಡಾಕ್ಟರಿಗೆ ತೋರಿಸಿ. "ಅವರಪ್ಪನೂ ಲೇಟಾಗೇ ನಡೆದದ್ದು" ಅಂತ ಆರು ತಿಂಗಳು ತಳ್ಳಬೇಡಿ.

*"ನೆಂಟರ ಮನೆಗೆ ಹೋದಾಗ?"* ಅಲ್ಲಿ ನಿಮ್ಮ ಮನೆಯ ಜೋಡಣೆ ಇರುವುದಿಲ್ಲ. ಹಾಗಾಗಿ ಅಲ್ಲಿ ಜಾಸ್ತಿ 'ಬೇಡ' ಹೇಳಬೇಕಾಗುತ್ತದೆ, ಪರವಾಗಿಲ್ಲ. ಮಗುವಿಗೆ ಹೊರಡುವ ಮುಂಚೆಯೇ ಹೇಳಿ: "ದೊಡ್ಡಮ್ಮನ ಮನೆಯಲ್ಲಿ ಕೇಳಿ ಮುಟ್ಟಬೇಕು." ಒಂದು ಚೀಲದಲ್ಲಿ ಮಗುವಿನ ನಾಲ್ಕು ಡಬ್ಬ, ಒಂದು ಬಟ್ಟೆ, ಕಾಗದ, ಬಣ್ಣದ ಕಡ್ಡಿ ಒಯ್ಯಿರಿ. ಹೋದ ತಕ್ಷಣ ಬಚ್ಚಲು, ಬಾಲ್ಕನಿ, ಸಂಪ್ ಎಲ್ಲಿದೆ ನೋಡಿಕೊಳ್ಳಿ. ಶೋಕೇಸಿನ ಕೆಳಗಿನ ತಟ್ಟಿನಲ್ಲಿರುವ ಗಾಜಿನ ಗೊಂಬೆಗಳನ್ನು ಮೇಲಕ್ಕೆ ಎತ್ತಿಡಲಾ ಅಂತ ನೀವೇ ಕೇಳಿಬಿಡಿ. ಬಾಯಿಬಿಟ್ಟು ಹೇಳಲಾಗದೆ ಅವರೂ ಅದನ್ನೇ ಯೋಚಿಸುತ್ತಿರುತ್ತಾರೆ.